ಡಂಗುರದಕ್ಕನ ದೊಡ್ಡ ಗಂಟಲು

ಗುಟ್ಟು ಹೇಳುವಾಗಲೂ ಇಡೀ ಓಣಿಗೆ ಕೇಳಿಸುವಂತೆ ಹೇಳುವವರು ಎಲ್ಲ ಊರಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಆದರೆ ಅಂಥ ಗಂಟಲನ್ನು ಹೊತ್ತುಕೊಂಡು, ಎದುರಿನವರ ದನಿ ಒಂದಿಷ್ಟು ಏರಿದರೆ ಸಾಕು ಮುಖಕ್ಕೆ ಕೈ ಅಡ್ಡ ಹಿಡಿಯುವ ಹೆಂಗಸರ ನಡುವೆಯೇ ಜೀವಮಾನವಿಡೀ ಕೆಲಸ ಮಾಡುತ್ತೇನೆಂದು ಹಟ ತೊಟ್ಟವಳು ಡಂಗುರದಕ್ಕನೊಬ್ಬಳೇ ಇರಬೇಕು. ದೊಡ್ಡಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಆಕೆ ಸಮಾಜ ಕಾರ್ಯಕರ್ತೆ. ನಿಜವಾದ ಹೆಸರು ಬಾಗಿಲ ಮೇಲಿನ ಫಲಕದಲ್ಲಿ ಇತ್ತು, ಆದರೆ ಅದನ್ನು ಓದುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಕೆಳಗೆ ಮೆಟ್ಟಿಲ ಬಳಿ ನಿಂತು ಕಿವಿಗೊಟ್ಟರೆ ಆಕೆ ಯಾವ ಕೋಣೆಯಲ್ಲಿದ್ದಾಳೆ, ಯಾರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ ಎಂಬುದೆಲ್ಲ ತಾನಾಗಿಯೇ ತಿಳಿಯುತ್ತಿತ್ತು. ದಾದಿಯರು ಇಟ್ಟ ಅಡ್ಡಹೆಸರು ಆಕೆಯ ಕಿವಿಗೂ ಬಿದ್ದಿತ್ತು. ಆಕೆ ಬೇಸರಿಸಿಕೊಳ್ಳದೆ ಅದಕ್ಕೇ ಓಗೊಡತೊಡಗಿದಳು.

ಹೊಲಿಗೆಯವಳು ಈ ಗಂಟಲನ್ನು ಮೊದಲ ಸಲ ಕೇಳಿದಾಗ ಕುರ್ಚಿಯಿಂದ ಎದ್ದು ಗೋಡೆಗೆ ಒತ್ತಿಕೊಂಡು ನಿಂತುಬಿಟ್ಟಿದ್ದಳು. ಮುಂಗೈ ಮುರಿದು ಮೂಳೆಯ ವೈದ್ಯರ ಬಳಿ ಬಂದವಳು ಆಕೆ. ಮೆಟ್ಟಿಲಿಂದ ಜಾರಿಬಿದ್ದೆ ಎಂದಿದ್ದಳು. ಹಿಂದಿನ ವರ್ಷವೂ ಇದೇ ಮೆಟ್ಟಿಲಿಂದ ಜಾರಿದ್ದಳು ಎಂಬುದು ಆ ವೈದ್ಯರಿಗೆ ನೆನಪಿತ್ತಾದ್ದರಿಂದ ಹೆಚ್ಚು ಕೇಳದೆ ಮೇಲಿನ ಮಹಡಿಗೆ ಕಳಿಸಿದ್ದರು. ನಿದ್ದೆ ಎಂಬುದು ಅವಳನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಟೇಪು ಹಿಡಿದು ಅಳತೆ ತೆಗೆದರೆ ಸೀಮೆಸುಣ್ಣ ಕೈಗೆತ್ತಿಕೊಳ್ಳುವಷ್ಟರಲ್ಲಿ ಮರೆತುಹೋಗುತ್ತಿತ್ತು. ಪಕ್ಕದ ಮನೆಯ ಬಾಗಿಲು ಬಡಿದುಕೊಂಡರೆ ಸೂಜಿಗೆ ಪೋಣಿಸುತ್ತಿದ್ದ ದಾರ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಮದುವೆಯಾಗಿ ಹತ್ತು ವರ್ಷ ಗಂಡನ ಕೈಯಲ್ಲಿ ಪೆಟ್ಟು ತಿಂದು ತಿಂದು, ತಪ್ಪೆಲ್ಲ ತನ್ನದೇ ಎಂದು ತನ್ನನ್ನು ತಾನೇ ಒಪ್ಪಿಸಿಬಿಟ್ಟಿದ್ದಳು. ಅಂಥವಳೆದುರು ಈ ಗಂಟಲು.

“ಹೆದರ್ಕೋಬೇಡಮ್ಮ! ನಂದು ದನಿಯೇ ಹೀಗೆ. ಕೋಪ ಬಂದ್ರೆ ನಾನು ಸುಮ್ಮನಾಗ್ತೀನಿ. ಕೂಗ್ತಾ ಇದ್ದೀನಿ ಅಂದ್ರೆ ಎಲ್ಲಾ ಸರಿಯಾಗಿದೆ ಅಂತ ತಿಳ್ಕೋ!” ಎಂದಿತು ಗಂಟಲು. ಕಿಟಕಿಯ ಗಾಜು ಅದುರಿತು ಎಂದು ಹೊಲಿಗೆಯವಳು ಈಗಲೂ ಆಣೆಯಿಟ್ಟು ಹೇಳುತ್ತಾಳೆ. ಮತ್ತೂ ಒಂದು ಮಾತು ಹೇಳುತ್ತಾಳೆ: ಏರಿದ ದನಿಯ ಹಿಂದೆ ಏಟು ಬಾರದೆ ಇರುವುದನ್ನು ಅವಳು ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಕಂಡದ್ದು ಆ ದಿನ.

ನೋಡುವುದಕ್ಕೆ ಡಂಗುರದಕ್ಕ ಅಂಥ ಭಾರಿ ಆಳೇನಲ್ಲ. ಗಿಡ್ಡ ದೇಹ, ಎದುರುಗಾಳಿಗೆ ಹೊರಟವಳಂತೆ ತುಸು ಮುಂದಕ್ಕೆ ಬಾಗಿದ ಬಿರುಸು ನಡಿಗೆ, ಮೈಮೇಲೆ ಸದಾ ಕಂದುಬಣ್ಣದ ಒಂದು ಗಂಡಸರ ಕೋಟು. ಅಣ್ಣನದಿರಬೇಕೆಂದು ಕೆಲವರು, ಗುಜರಿ ಅಂಗಡಿಯದೆಂದು ಕೆಲವರು. ಗುಂಡಿಗಳು ಯಾವತ್ತೂ ಒಂದು ಮೇಲೆ ಒಂದು ಕೆಳಗೆ, ಒಳಗಿನ ಅಸ್ತರು ಹರಿದು ತೋಳಿನಿಂದ ಇಣುಕುತ್ತಿತ್ತು. ಆ ಅಸ್ತರನ್ನು ನೋಡಿದಾಗಲೆಲ್ಲ ಹೊಲಿಗೆಯವಳ ಬೆರಳು ತುರಿಸುತ್ತಿತ್ತು, ಅದೊಂದು ಒಳ್ಳೆಯ ಲಕ್ಷಣವೆಂದು, ಅವಳಿಗೆ ಮಾತ್ರೆ ಬರೆದುಕೊಟ್ಟಿದ್ದ ಆ ವಿಭಾಗದ ವೈದ್ಯೆ ತಮ್ಮಷ್ಟಕ್ಕೆ ನಕ್ಕಿದ್ದರು.

ಆಕೆಯ ದೊಡ್ಡ ಹಟವೆಂದರೆ ‘ಅಲ್ಲಿ ಹೋಗಿ ಕೇಳಿ’ ಎಂದು ಯಾರನ್ನೂ ಸಾಗಹಾಕದಿರುವುದು. ಆಸ್ಪತ್ರೆಗೆ ಒಂದು ಬಾಗಿಲು, ಪೊಲೀಸು ಠಾಣೆಗೆ ಇನ್ನೊಂದು, ಉಚಿತ ವಕೀಲರ ಕಚೇರಿಗೆ ಮತ್ತೊಂದು, ಆಶ್ರಯದ ಮನೆಗೆ ಮಗದೊಂದು. ಪ್ರತಿಯೊಂದು ಬಾಗಿಲಲ್ಲೂ ಅದೇ ಪ್ರಶ್ನೆಗಳು, ಅದೇ ಅವಮಾನದ ಕತೆಯನ್ನು ಮೊದಲಿಂದ ಮತ್ತೆ ಬಿಚ್ಚಬೇಕು. ಡಂಗುರದಕ್ಕ ಪ್ರತಿ ಬಾಗಿಲಿಗೂ ಜೊತೆಯಲ್ಲಿ ನಡೆದುಬಂದು, ಹಿಂದೆ ಹೇಳಿಯಾದದ್ದನ್ನು ತಾನೇ ಹೇಳಿ, ಹೊಲಿಗೆಯವಳು ಬರೀ ಹೌದು ಅಲ್ಲ ಎಂದರೆ ಸಾಕು ಎಂಬಂತೆ ಮಾಡುತ್ತಿದ್ದಳು. “ಹೆಂಗಸರು ಗಂಡನ ಹತ್ರ ವಾಪಸ್ ಹೋಗೋದು ಪ್ರೀತಿಗೆ ಅಂತ ತಿಳ್ಕೊಂಡಿದ್ದಾರೆ ಜನ. ಅರ್ಧ ಜನ ಹೋಗೋದು ಈ ಬೆಂಚುಗಳ ಮೇಲೆ ಕೂತು ಕೂತು ಸಾಕಾಗಿ!” ಎಂದು ಠಾಣೆಯ ಪಡಸಾಲೆಯಲ್ಲೇ ಘೋಷಿಸಿದಾಗ, ಅಲ್ಲಿ ಹೆಂಗಸರ ದೂರು ನೋಡಿಕೊಳ್ಳುತ್ತಿದ್ದ ಮಹಿಳಾ ಪೊಲೀಸು ತುಟಿ ಕಚ್ಚಿಕೊಂಡು ನಕ್ಕು, ಎದ್ದು ತನ್ನ ಕುರ್ಚಿಯನ್ನೇ ಹೊಲಿಗೆಯವಳಿಗೆ ಕೊಟ್ಟಳು.

ಹೊಲಿಗೆಯವಳಿಗೆ ಬೇಕಾಗಿದ್ದದ್ದು ಒಂದೇ, ಅವಳ ಮಗಳು. ಏಳು ವರ್ಷದ ಹುಡುಗಿ ಗಂಡನ ಮನೆಯಲ್ಲೇ ಉಳಿದುಬಿಟ್ಟಿದ್ದಳು. ಇವಳು ಆಶ್ರಯದ ಮನೆ ಸೇರಿ, ಆ ಉಚಿತ ಕಚೇರಿಯ ವಕೀಲೆಯ ಮೂಲಕ ಮಗುವನ್ನು ಕೇಳಿದ್ದೇ ತಡ, ಗಂಡ ಬೀದಿ ತುಂಬ ಹೇಳಿಕೊಂಡು ಬಂದ: ಅವಳಿಗೆ ತಲೆ ಸರಿಯಿಲ್ಲ, ಹುಚ್ಚಿನ ಮಾತ್ರೆ ನುಂಗುತ್ತಾಳೆ, ಅಂಥವಳ ಕೈಗೆ ಮಗು ಕೊಡುತ್ತಾರೆಯೇ? ಆ ಮಾತು ಸುತ್ತಿ ಬಳಸಿ ಹೊಲಿಗೆಯವಳಿಗೂ ತಲುಪಿತು. ಅವಳು ಯಾರ ಹತ್ತಿರವೂ ಅದರ ಸುದ್ದಿ ಎತ್ತಲಿಲ್ಲ.

ಅದೇ ದಿನಗಳಲ್ಲಿ ಡಂಗುರದಕ್ಕನಿಂದ ಒಂದು ದೊಡ್ಡ ಎಡವಟ್ಟಾಯಿತು. ಆಕೆಯ ಕೋಣೆಗೆ ಬಣ್ಣ ಬಳಿಯುತ್ತಿದ್ದರು. ಆಶ್ರಯದ ಮನೆಗೆ ಯಾವುದೋ ಔಷಧ ಕಳಿಸಬೇಕಿತ್ತು. ಪಡಸಾಲೆಯಲ್ಲಿ ಔಷಧದ ಕಿಟಕಿಯ ಪಕ್ಕ ನಿಂತು, ತನ್ನ ಎಂದಿನ ಗಂಟಲಿನಲ್ಲಿ ಫೋನಿಗೆ ದಾರಿ ಹೇಳಿದಳು, ಅಂಚೆ ಕಚೇರಿಯ ಹಿಂದೆ, ಹಸಿರು ಗೇಟು. ಕಿಟಕಿಯ ಮುಂದಿನ ಸಾಲಿನಲ್ಲಿ ಹೊಲಿಗೆಯವಳ ಮೈದುನ ತಾಯಿಯ ಕೆಮ್ಮಿಗೆ ಔಷಧ ಕೊಳ್ಳಲು ನಿಂತಿದ್ದ.

ಮಾರನೆಯ ಮಧ್ಯಾಹ್ನ ಗಂಡ ಹಸಿರು ಗೇಟನ್ನು ಗುದ್ದುತ್ತಿದ್ದ. ಒಮ್ಮೆ ಬೈಗುಳ, ಒಮ್ಮೆ ಅಳು. ಹೊಲಿಗೆಯವಳು ಸಾಮಾನು ಕೋಣೆಯಲ್ಲಿ ಮೂಟೆಗಳ ನಡುವೆ ಕುಕ್ಕರಿಸಿ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಮಹಿಳಾ ಪೊಲೀಸು ಸ್ಕೂಟರಿನಲ್ಲಿ ಧಾವಿಸಿ ಬಂದು ಅವನನ್ನು ಕರೆದೊಯ್ದಳು. ಜಾಗ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಅವನು ಎದೆಯುಬ್ಬಿಸಿ ಎಲ್ಲವನ್ನೂ ಹೇಳಿದ. ಸಂಜೆಯೊಳಗೆ ಹೊಲಿಗೆಯವಳನ್ನು ಬೇರೊಂದು ಮನೆಗೆ ಸಾಗಿಸಿದರು. ಅಷ್ಟಿಷ್ಟು ಬರತೊಡಗಿದ್ದ ನಿದ್ದೆ ಮತ್ತೆ ಹಾರಿಹೋಯಿತು.

ಆ ಹೊಸ ಮನೆಗೆ ಡಂಗುರದಕ್ಕ ಬಂದಳು. ಕುಳಿತಳು. ಮಾತಾಡಿದಳು, ಮೆಲ್ಲಗೆ. ಆ ಗಂಟಲಿನಿಂದ ಅಷ್ಟು ಮೆಲ್ಲಗಿನ ಮಾತು ಹೊರಡಬಹುದೆಂದು ಹೊಲಿಗೆಯವಳು ಎಣಿಸಿರಲೇ ಇಲ್ಲ.

“ತಪ್ಪು ನಂದು. ಜಾಗದ ಗುರುತು ನನ್ನ ಬಾಯಿಂದ್ಲೇ ಹೋಗಿದ್ದು. ನಿನಗೆ ನನ್ನ ಸಹವಾಸ ಬೇಡ ಅನ್ಸಿದ್ರೆ ಬೇರೆಯವರು ಬರ್ತಾರೆ, ನಾನೇ ಏರ್ಪಾಡು ಮಾಡ್ತೀನಿ. ಈಗ್ಲೇ ಹೇಳ್ಬೇಕು ಅಂತೇನಿಲ್ಲ.” ಅಷ್ಟೇ ಹೇಳಿ, ಕೋಟು ಸರಿಮಾಡಿಕೊಂಡು ಎದ್ದುಹೋದಳು.

ಕ್ಷಮೆಯ ಮಾತು ಹೊಲಿಗೆಯವಳಿಗೆ ಹೊಸದಲ್ಲ. ಹೊಡೆದ ಮಾರನೆಯ ಬೆಳಗ್ಗೆ ಗಂಡ ತಪ್ಪದೆ ಕೇಳುತ್ತಿದ್ದ: “ತಪ್ಪಾಯ್ತು, ಆದ್ರೆ ನೀನು ಎದುರು ಮಾತಾಡದೇ ಇದ್ದಿದ್ರೆ ನನ್ನ ಕೈ ಮೇಲೆ ಏಳ್ತಿತ್ತಾ?” ಆ ಕ್ಷಮೆ ಪ್ರತಿ ಸಲವೂ ಏನನ್ನಾದರೂ ಕೇಳಿಕೊಂಡೇ ಬರುತ್ತಿತ್ತು: ನಗು, ಬಾಗಿಲು ತೆಗಿ, ನಿನ್ನ ತಾಯಿಗೆ ಹೇಳಬೇಡ. ಈ ಹೆಂಗಸು ಏನನ್ನೂ ಕೇಳಲಿಲ್ಲ; ಕ್ಷಮಿಸು ಎಂದು ಕೂಡ ಕೇಳಲಿಲ್ಲ. ಆ ಒಂದು ವ್ಯತ್ಯಾಸವನ್ನು ತಿರುಗಿಸಿ ಮುರುಗಿಸಿ ನೋಡುತ್ತ ಹೊಲಿಗೆಯವಳು ಬಹಳ ಹೊತ್ತು ಕುಳಿತಳು. ತನ್ನ ಸಂಸಾರದಲ್ಲಿ ಏನು ನಡೆಯುತ್ತಿತ್ತು ಎಂಬುದು ಅವಳಿಗೆ ಅರ್ಥವಾದದ್ದು ಆವಾಗ, ಮತ್ತು ಅರ್ಥವಾದ ಮೇಲೆ ಮನಸಾರೆ ಅತ್ತಳು.

ಬೆಳಿಗ್ಗೆ ಫೋನು ಮಾಡಿದಳು. “ಬೇರೆಯವರು ಬೇಡ, ನೀವೇ ಬನ್ನಿ. ಒಂದು ವಿಷಯ ಹೇಳ್ಬೇಕು.”

ಹೇಳಿದ್ದು ಇಷ್ಟೇ: ಗಂಡ ಹಬ್ಬಿಸಿದ ಸುದ್ದಿ ಕೇಳಿದ ದಿನದಿಂದ ಅವಳು ಮಾತ್ರೆ ನುಂಗಿರಲೇ ಇಲ್ಲ. ಮಾತ್ರೆ ನುಂಗಿದರೆ ಹುಚ್ಚಿ ಎಂದಾಗುತ್ತದೆ, ಹುಚ್ಚಿ ಎಂದಾದರೆ ಮಗಳು ಕೈತಪ್ಪುತ್ತಾಳೆ. ಇತ್ತ ನಿದ್ದೆಯಿಲ್ಲ, ಎದೆ ಸದಾ ಡವಡವ, ಬದುಕೇ ಬೇಡ ಎನ್ನುವ ಯೋಚನೆ ಆಗಾಗ ಬಂದು ಪಕ್ಕದಲ್ಲೇ ಕೂರುತ್ತಿತ್ತು. ವೈದ್ಯೆಗೆ ಮಾತ್ರೆ ಬರೆದುಕೊಟ್ಟದ್ದು ಗೊತ್ತು, ಅದನ್ನು ಬಿಟ್ಟದ್ದೂ ಗಂಡ ಹಬ್ಬಿಸಿದ್ದೂ ಗೊತ್ತಿಲ್ಲ. ವಕೀಲೆಗೆ ಗಂಡ ಹಬ್ಬಿಸಿದ್ದು ಅವನ ಕಡೆಯ ವಕೀಲರಿಂದಲೇ ಗೊತ್ತು, ಮಾತ್ರೆ ಬಿಟ್ಟದ್ದು ಗೊತ್ತಿಲ್ಲ, ಮೇಲಾಗಿ ‘ಆಸ್ಪತ್ರೆ ಸುದ್ದಿ ಎಲ್ಲೂ ಎತ್ತಬೇಡಿ’ ಎಂದು ಆಕೆಯೇ ಬುದ್ಧಿ ಹೇಳಿದ್ದಳು. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು, ಆ ಇಬ್ಬರ ನಡುವಿನ ಸಂದಿಯಲ್ಲಿ ಇವಳು ಜಾರುತ್ತಿದ್ದಳು.

ಡಂಗುರದಕ್ಕ ಆ ವಾರವೇ ಎಲ್ಲರನ್ನೂ ಒಂದೆಡೆ ಎಳೆದುತಂದಳು. ಎಡವಟ್ಟಾದ ಮೇಲೆ ಆಕೆ ಗುಟ್ಟಿನ ಮಾತಿಗೆಲ್ಲ ಆಸ್ಪತ್ರೆಯ ಬಟ್ಟೆ ಕೋಣೆಯನ್ನು ಗೊತ್ತುಮಾಡಿಕೊಂಡಿದ್ದಳು. ಸುತ್ತಲೂ ಸೂರಿನವರೆಗೆ ಪೇರಿಸಿಟ್ಟ ಹಾಸಿಗೆ ಹೊದಿಕೆಗಳು ಆ ಗಂಟಲನ್ನು ಕೂಡ ನುಂಗಿಹಾಕುತ್ತಿದ್ದವು. ವೈದ್ಯೆ, ವಕೀಲೆ, ಮಹಿಳಾ ಪೊಲೀಸು ದಿಂಬಿನ ಗಂಟುಗಳ ಮೇಲೆ ಕುಳಿತರು. ಇದ್ದ ಒಂದೇ ಕುರ್ಚಿ ಹೊಲಿಗೆಯವಳಿಗೆ. ಮುಚ್ಚಿಡೋಣ ಎಂದಳು ವಕೀಲೆ. ರೋಗಿಯ ವಿಷಯ ನಾನು ಹೊರಗೆ ಹೇಳುವುದಿಲ್ಲ ಎಂದರು ವೈದ್ಯೆ. ಮಾತು ಬಿಸಿಯಾಗಿ, ನಡುವೆ ಒಬ್ಬಳು ಕುರ್ಚಿಯಲ್ಲಿ ಕೂತಿದ್ದಾಳೆ ಎಂಬುದನ್ನೇ ಮೂವರೂ ಮರೆತರು.

“ಅಲ್ರೀ, ಇವಳನ್ನ ಕೇಳಿದ್ರಾ?” ಎಂದಳು ಡಂಗುರದಕ್ಕ.

ಹೊಲಿಗೆಯವಳು ಗಂಟಲು ಸರಿಮಾಡಿಕೊಂಡಳು. “ನನಗೆ ಭಯದ ಕಾಯಿಲೆ ಇದೆ. ಅದು ಎಲ್ಲಿಂದ ಬಂತು ಅಂತ ಡಾಕ್ಟ್ರಮ್ಮಂಗೆ ಗೊತ್ತಿದೆ. ಮುಚ್ಚಿಟ್ರೆ ಗಂಡನ ಕಡೆಯವರೇ ಎತ್ತುತ್ತಾರೆ. ಅದಕ್ಕೆ ಮೊದ್ಲು ನಾವೇ ಹೇಳೋಣ. ಡಾಕ್ಟ್ರಮ್ಮ, ನೀವು ಹೇಳಿ, ನಾನು ಒಪ್ಪಿದ್ದೀನಿ. ಮಾತ್ರೆ ಇವತ್ತಿಂದ ಮತ್ತೆ ತಗೋತೀನಿ.” ವಕೀಲೆ ಇದೇ ಸರಿ ಎಂದು ತಲೆದೂಗಿದಳು.

ನ್ಯಾಯಾಲಯದಲ್ಲಿ ಹಾಗೆಯೇ ನಡೆಯಿತು. ಮೂಳೆಯ ವೈದ್ಯರು ಎರಡು ಸಲದ ಮೆಟ್ಟಿಲಿನ ಕತೆ ಹೇಳಿದರು, ಮಹಿಳಾ ಪೊಲೀಸು ಹಸಿರು ಗೇಟಿನದನ್ನು ಹೇಳಿದಳು, ಹುಚ್ಚಿನ ಪ್ರಶ್ನೆ ಎದ್ದಾಗ ವೈದ್ಯೆ ಶಾಂತವಾಗಿ, “ಮಾತ್ರೆ ತಗೊಳ್ತಿದ್ದಾರೆ, ನಿದ್ದೆ ಮಾಡ್ತಿದ್ದಾರೆ, ಕೆಲಸಕ್ಕೆ ಹೋಗ್ತಿದ್ದಾರೆ. ಆ ಮನೆ ಬಿಟ್ಟ ಮೇಲೆ ಕಾಯಿಲೆ ಇಳೀತಾ ಇದೆ. ಮಗುವನ್ನ ಚೆನ್ನಾಗಿ ನೋಡ್ಕೊಳ್ತಾರೆ,” ಎಂದರು. ಡಂಗುರದಕ್ಕ ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದಳು. ಸುಮ್ಮನಿರಬೇಕೆಂದು ಜವಾನ ಬಂದು ಗದರಿಸಿದ. ತೀರ್ಪಿನ ದಿನ ಮಗಳು ತಾಯಿಯ ಕಡೆಗೆ ಬಂದಳು.

ಜಗಲಿಯಲ್ಲಿ ಮಗಳನ್ನು ಸೊಂಟಕ್ಕೆ ಅವುಚಿಕೊಂಡು ಹೊಲಿಗೆಯವಳು, ನಿಮ್ಮ ಉಪಕಾರ ಮರೆಯೋಲ್ಲ ಎಂದಳು. ಇಂಥ ಮಾತಿಗೆ ದೊಡ್ಡವರು ‘ನಂದೇನಿದೆ’ ಎಂದು ಕೈಯಾಡಿಸುವುದುಂಟು. ಡಂಗುರದಕ್ಕ ಅಂಥ ದೊಡ್ಡವಳಲ್ಲ. “ಇನ್ನೊಂದ್ಸಲ ಹೇಳಮ್ಮ, ಅವರೆಲ್ಲರಿಗೂ ಕೇಳ್ಲಿ, ಅವರ ಪಾಲೂ ಇದೆ ಇದ್ರಲ್ಲಿ!” ಎಂದು ಕಂಬದ ಬಳಿ ನಿಂತಿದ್ದ ವೈದ್ಯೆ, ವಕೀಲೆ, ಮಹಿಳಾ ಪೊಲೀಸು ಮೂವರನ್ನೂ ತೋರಿಸಿದಳು. ಹೊಲಿಗೆಯವಳು ನಗುತ್ತ, ಅಳುತ್ತ, ಅಷ್ಟು ಜನರೆದುರು ಗಟ್ಟಿಯಾಗಿಯೇ ಹೇಳಿದಳು.

ಈಗಲೂ ಮಲಗುವ ಮುನ್ನ ಅವಳು ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಾಳೆ. ಮಾತ್ರೆ ಕಡಿಮೆಯಾಗಿದೆ, ನಿಂತಿಲ್ಲ. ವಾಸಿಯಾಗುವುದು ಬಹಳ ನಿಧಾನದ ಕೆಲಸವೆಂದು ವೈದ್ಯೆ ಹೇಳುತ್ತಾರೆ, ಅವಳೂ ಈಗ ಅವಸರ ಮಾಡುವುದಿಲ್ಲ.

ನೊಂದವರ ಕೈಹಿಡಿಯುವವರೆಂದರೆ ಮೃದುಭಾಷಿಗಳು, ಲೋಪವಿಲ್ಲದವರು, ಒಂದು ಬಗೆಯ ದೇವತೆಗಳು ಎಂದು ನಾವೆಲ್ಲ ಮನಸ್ಸಿನಲ್ಲಿ ಚಿತ್ರ ಬರೆದುಕೊಂಡಿರುತ್ತೇವೆ, ಅಂಥವರು ಸಿಗಲಿಲ್ಲವೆಂದು ಕೊರಗುತ್ತೇವೆ. ಆದರೆ ತನ್ನ ಲೆಕ್ಕದಲ್ಲಿ ಎಂದೂ ತಪ್ಪೇ ಮಾಡದ ಒಬ್ಬನ ಜೊತೆ ಹೊಲಿಗೆಯವಳು ಹತ್ತು ವರ್ಷ ಸಂಸಾರ ಮಾಡಿ ಬಂದಿದ್ದಳು. ಅವಳನ್ನು ಬದುಕಿಗೆ ಮರಳಿಸಿದ್ದು ತಪ್ಪು ಮಾಡಬಲ್ಲ, ಅದು ತನ್ನದೆಂದು ಹೇಳಬಲ್ಲ, ಹೇಳಿ ಮಾರನೆಯ ದಿನ ಮತ್ತೆ ಕೆಲಸಕ್ಕೆ ಬರಬಲ್ಲ ಜನ. ಭೂಮಿಯ ಮೇಲೆ ಅಂಥವರು ಇದ್ದಾರೆ ಎಂಬುದಕ್ಕೆ ಎಷ್ಟು ಕೃತಜ್ಞರಾದರೂ ಸಾಲದು.