ಮೈಲಾರಲಿಂಗಪ್ಪನ ಫಾಂಟು

ದುರ್ಗದಬೈಲಿನ ಡಿಟಿಪಿ ಅಂಗಡಿಗಳಲ್ಲಿ ಆಗ ಒಬ್ಬೊಬ್ಬರದು ಒಂದೊಂದು ಕನ್ನಡ ಫಾಂಟು. ಒಬ್ಬರ ಫೈಲು ಇನ್ನೊಬ್ಬರಲ್ಲಿ ತೆರೆದರೆ ಬರೀ ಕಸ. ಎಲ್ಲ ಫಾಂಟುಗಳ ಸಂಕೇತಗಳನ್ನು, ಅಂದರೆ ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು, ಒಂದೆಡೆ ದಾಖಲಿಸಿಡಲು ತೊಂಬತ್ತೆಂಟರಲ್ಲಿ ಮಾಲೀಕರು ಸಭೆ ಸೇರಿದರು. ಆ ದಾಖಲೆ ಯಾರ ವಶದಲ್ಲಿರಬೇಕೆಂದೇ ಜಗಳ ಹತ್ತಿ, ಚಹಾ ಆರುವ ಮೊದಲೇ ಸಭೆ ಮುರಿಯಿತು.

"ನನ್ನ ಗುಟ್ಟು ನಿಮಗ್ಯಾಕ ಕೊಡ್ಲಿ?" ಎಂದು ಮೊದಲು ಎದ್ದುಹೋದವನು ಮೈಲಾರಲಿಂಗಪ್ಪ. ಗಿರಾಕಿ ತಪ್ಪಬಾರದೆಂದು ತನ್ನ ಫಾಂಟಿನ ಸಂಕೇತಗಳನ್ನು ಬೇಕೆಂದೇ ಅದಲುಬದಲು ಮಾಡಿಟ್ಟಿದ್ದ ಮಹಾನುಭಾವ!

ತಾಯಿ ಮಾಳವ್ವ ಸಾಯುವ ಮುನ್ನ ಹಾಡಿದ ಬೀಸುಕಲ್ಲಿನ ಪದಗಳನ್ನೂ ಆ ಫಾಂಟಿನಲ್ಲೇ ಟೈಪು ಮಾಡಿದ. ಪುಸ್ತಕ ಅಚ್ಚಾಗುವ ಮೊದಲೇ ಕಂಪ್ಯೂಟರ್ ಸುಟ್ಟಿತು, ಫಾಂಟೂ ಹೋಯಿತು. ಉಳಿದದ್ದು ಪದಗಳಿದ್ದ ಫ್ಲಾಪಿಯೊಂದೇ. ಅದನ್ನು ಹಿಡಿದು ಪಕ್ಕದಂಗಡಿಯ ಬೀರಲಿಂಗನ ಬಳಿ ಹೋದ. ಬೀರಲಿಂಗ ಫೈಲು ತೆರೆದರೆ ಪರದೆ ತುಂಬ ಕಸ.

"ಕಾಕಾ, ಪದ ಎಲ್ಲಾ ಅದಾವ್ರಿ, ಒಂದೂ ಹೋಗಿಲ್ಲ. ಗುಟ್ಟು ಹೇಳ್ರಿ, ಓದಿ ಕೊಡ್ತೇನಿ."

"ನನಗೂ ನೆನಪಿಲ್ಲಪಾ."