ಗುರುವಾರದ ಕಾರ್ನಿಯಾ ಕ್ಲಿನಿಕ್

ತೊಂಬತ್ತನಾಲ್ಕರ ಮಾತು. ಪೀಣ್ಯದ ಟ್ರಸ್ಟ್ ಆಸ್ಪತ್ರೆಯಲ್ಲಿ ಗುರುವಾರದ ಕಾರ್ನಿಯಾ ಕ್ಲಿನಿಕ್ ನಡೆಸುತ್ತಿದ್ದವಳು ನಾನು, ಶ್ರೀರಂಜನಿ. ಡಾಕ್ಟರಲ್ಲ, ಕಣ್ಣಿನ ತಪಾಸಣೆಯಲ್ಲಿ ಡಿಪ್ಲೊಮಾ ಮಾಡಿದವಳು. ಬಾಗಿಲ ಮೇಲಿನ ಹೆಸರು ಮಾತ್ರ ಡಾ. ಸುಧೀಂದ್ರ ಅವರದು. ಆ ಮಹಾನುಭಾವರು ಹನ್ನೆರಡಕ್ಕೆ ಬಂದು, ನಾನು ಬರೆದಿಟ್ಟ ಚೀಟಿಗಳಿಗೆಲ್ಲ ಸಹಿ ಗೀಚಿ, ಕಾಫಿ ಕುಡಿದು ಹೋಗುತ್ತಿದ್ದರು. ರೋಗಿಯ ಮುಖ ನೋಡಿದರೆ ಅದೇ ದೊಡ್ಡದು.

ಬಾಗಲಗುಂಟೆಯ ಮುನಿಯಣ್ಣ ಲೇತ್ ಕೆಲಸದವನು. ಕಣ್ಣಿಗೆ ಸಿಡಿದ ಕಬ್ಬಿಣದ ಚೂರನ್ನು ಪಕ್ಕದ ಮಿಷಿನ್ನಿನವನು ಬೆಂಕಿಕಡ್ಡಿಯಲ್ಲಿ ತೆಗೆದಿದ್ದ. ಆ ಕಾರ್ಖಾನೆ ಶೆಡ್ಡುಗಳಲ್ಲಿ ಅಂಥ ಕಡ್ಡಿ ತಜ್ಞರು ಸಾಲಿಗೊಬ್ಬರು. ಕಪ್ಪುಗುಡ್ಡೆಯ ಮೇಲೆ ಬಿಳಿ ಹುಣ್ಣಾಗಿತ್ತು. ಕೆರೆದು ಮೈಕ್ರೊಸ್ಕೋಪಿನಲ್ಲಿ ನೋಡಿದೆ, ಫಂಗಸ್. ಅದಕ್ಕೆ ತಕ್ಕ ಡ್ರಾಪ್ಸ್ ಬರೆದೆ.

ಅವನ ಗ್ರಹಚಾರ, ಅವತ್ತೇ ಟ್ರಸ್ಟಿಗಳು ಬಂದಿದ್ದರು. ಡಾಕ್ಟರಿಗೆ ಹುರುಪು ಬಂತು. ಕಣ್ಣು ನೋಡುವ ಉಪಕರಣವನ್ನು ಫೋಕಸ್ ಕೂಡ ಮಾಡದೆ ಅರ್ಧ ನಿಮಿಷ ಇಣುಕಿ, ಬರೀ ಅಲರ್ಜಿ ಎಂದು ಘೋಷಿಸಿ, ನನ್ನ ಸಾಲನ್ನು ಹೊಡೆದುಹಾಕಿ ಸ್ಟೆರಾಯ್ಡ್ ಬರೆದರು. ಫಂಗಸ್ಸಿಗೆ ಸ್ಟೆರಾಯ್ಡ್ ಕೊಡುವುದೆಂದರೆ ಕಳ್ಳನಿಗೆ ಊಟ ಹಾಕಿ ಸಾಕಿದಂತೆ. ಕಣ್ಣೇ ಹೋಗುತ್ತದೆ. ಗೊತ್ತಿದ್ದೂ ಆ ಚೀಟಿಗೆ ಸೀಲು ಒತ್ತಿ ಕೊಟ್ಟೆ. ಆಮೇಲೆ ವರಾಂಡದಲ್ಲಿ ಮುನಿಯಣ್ಣನ ಕೈಗೆ ನನ್ನ ಬಾಟಲಿ ಕೊಟ್ಟು, ಇದನ್ನು ಗಂಟೆಗೊಮ್ಮೆ ಹಾಕಿಕೊಳ್ಳಿ ಎಂದೆ. ಅವರದನ್ನು ಮುಟ್ಟಬೇಡಿ ಎನ್ನುವ ಧೈರ್ಯವಾಗಲಿಲ್ಲ.

ಮುಂದಿನ ಗುರುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಮೂರನೆಯ ಗುರುವಾರ ಬಂದ. ಓವರ್‌ಟೈಮ್ ಇತ್ತಂತೆ. ನೋಡಿದರೆ ಹುಣ್ಣು ವಾಸಿಯಾಗಿದೆ, ಸಣ್ಣ ಕಲೆಯಷ್ಟೇ ಉಳಿದಿದೆ. ಡಾ. ಸುಧೀಂದ್ರ ಅವನ ಬೆನ್ನು ತಟ್ಟಿ ನನ್ನ ಕಡೆ ತಿರುಗಿದರು.

"ನೋಡಮ್ಮಾ, ಇದಕ್ಕೇ ಡಾಕ್ಟರು ಬೇಕು ಅನ್ನೋದು."

ಎದೆಯುಬ್ಬಿಸಿಕೊಂಡು ಹೊರಟರು. ನಾನು ಮುನಿಯಣ್ಣನನ್ನು ಯಾವ ಡ್ರಾಪ್ಸ್ ಹಾಕಿದಿರಿ ಎಂದು ಮೆಲ್ಲಗೆ ಕೇಳಿದೆ. ಅವನು ಜೇಬಿನಿಂದ ಎರಡೂ ಬಾಟಲಿ ತೆಗೆದ.

"ಇಬ್ರೂ ದೊಡ್ಡೋರು ಮೇಡಂ, ಯಾರ್ ಮಾತೂ ತೆಗೆದಾಕಕ್ಕಾಗಲ್ಲ. ನಿಮ್ದು ಕೆಟ್ಟ ಕಣ್ಗೆ ಆಕ್ದೆ, ಅವ್ರುದ್ದು ಒಳ್ಳೆ ಕಣ್ಗೆ."

ಒಳ್ಳೆಯ ಕಣ್ಣನ್ನೂ ಪರೀಕ್ಷಿಸಿದೆ. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಅದಕ್ಕೆ ಇನ್ನೂ ಹಾಕಬೇಕಾ ಎಂದು ಅವನು ಕೇಳಿದ. ಡಾಕ್ಟರು ಇನ್ನೂ ಮೆಟ್ಟಿಲ ಬಳಿ ಯಾರ ಜೊತೆಗೋ ನಗುತ್ತಿದ್ದರು. ಕೂತ್ಕೊಳ್ಳಿ ಎಂದೆ.

ಬೇಡ, ಬಿಸಾಕಿ ಎಂದು ಹೇಳಿದೆ. ಅವರ ಕಾರು ಗೇಟು ದಾಟಿದ ಮೇಲೆ ಹೇಳಿದೆ.