ಜೂನ್ ತಿಂಗಳ ಬೀಳ್ಕೊಡುಗೆ

ಈ ಸಲ ಯಾರೂ ತಮಾಷೆ ಮಾಡಲಿಲ್ಲ.

ಕೇಕು ಕತ್ತರಿಸುತ್ತಿದ್ದ ವೆರಿಟಿಯ ಕೈ ಒಂದು ಗಳಿಗೆ ನಿಂತಿತು. ಹೋಬಾರ್ಟಿನ ಈ ಹಳೆಯ ನಕ್ಷೆಗಳ ಕಚೇರಿಯಲ್ಲಿ ಪ್ರತಿ ಜೂನ್ ಕೊನೆಗೂ ಅವಳಿಗೆ ಬೀಳ್ಕೊಡುಗೆ ನಡೆಯುತ್ತದೆ. ಇಲ್ಲಿ ಜೂನ್ ಮುಗಿದರೆ ಸರ್ಕಾರದ ಹಣಕಾಸು ವರ್ಷ ಮುಗಿಯಿತು. ಅದರೊಂದಿಗೆ ಅವಳ ಗುತ್ತಿಗೆಯೂ. ಅವಳನ್ನು ಕೆಲಸಕ್ಕೆ ಕಳಿಸುವ ಏಜೆನ್ಸಿ ಮತ್ತೆ ಕಳಿಸುತ್ತದೋ ಇಲ್ಲವೋ, ಮೊದಲೇ ಯಾರೂ ಹೇಳುವಂತಿಲ್ಲ. ಹಾಗಾಗಿ ಕೇಕು, ಚಹಾ, ಚಪ್ಪಾಳೆ. ಸೋಮವಾರ ಅವಳು ಬಂದು ಅದೇ ಕುರ್ಚಿಯಲ್ಲಿ ಕೂರುವುದು. "ಬಂದ್ಯಾ ಮಾರಾಯ್ತಿ? ತಿಂದ ಕೇಕು ವಾಪಸ್ ಕೊಡು," ಎಂದು ಎದುರು ಮೇಜಿನ ಗ್ಲೆನಿಸ್ ರೇಗಿಸುವುದು.

ಇತಿಹಾಸದಲ್ಲಿ ಡಾಕ್ಟರೇಟ್ ಪಡೆದ ವೆರಿಟಿಗೆ ಹೀಗೆ ವರ್ಷಕ್ಕೊಮ್ಮೆ ಸತ್ತು ಹುಟ್ಟುವುದು ಅಭ್ಯಾಸವಾಗಿತ್ತು.

ಇವತ್ತು ಗ್ಲೆನಿಸ್ ದೊಡ್ಡ ತುಂಡನ್ನೇ ಅವಳ ತಟ್ಟೆಗೆ ಹಾಕಿದಳು.

"ತಿನ್ನೇ. ಬೆಳಗ್ಗಿಂದ ಹಸ್ಕೊಂಡಿದೀಯ."

"ನಿಂಗೆ ಹ್ಯಾಗೆ ಗೊತ್ತು?"

"ಇಷ್ಟು ವರ್ಷ ಎದುರಿಗೇ ಕೂತಿಲ್ವೇನೆ?"

ವೆರಿಟಿಯ ತಾಯಿ ತೀರಿಕೊಂಡಾಗ ಗುತ್ತಿಗೆಯವಳೆಂದು ಅವಳಿಗೆ ರಜೆ ಇರಲಿಲ್ಲ. ಇವಳ ಪಾಲಿನ ಕೆಲಸವನ್ನು ಸದ್ದಿಲ್ಲದೆ ಮಾಡಿಟ್ಟವಳು ಈ ಗ್ಲೆನಿಸ್.

ಮೇಲಧಿಕಾರಿ ಡಂಕನ್ ಒಂದು ಪೊಟ್ಟಣ ತಂದ. ಒಳಗೆ ಉಣ್ಣೆಯ ಶಾಲು, ಬೆಕ್ಕಿನ ಮರಿಯಷ್ಟು ಮೆತ್ತಗೆ. ಹಿಂದಿನ ವರ್ಷಗಳಲ್ಲಿ ಉಡುಗೊರೆ ಇರಲಿಲ್ಲ. ಮರಳಿ ಬರುವವರಿಗೆ ಯಾರೂ ಉಡುಗೊರೆ ಕೊಡುವುದಿಲ್ಲ.

"ಎಲ್ಲ ಸೇರಿ ತಂದ್ವಿ," ಎಂದ ಡಂಕನ್, ಶಾಲನ್ನೇ ನೋಡುತ್ತ.

"ತುಂಬ ಚೆನ್ನಾಗಿದೆ. ಸೋಮವಾರ ಹೊದ್ಕೊಂಡೇ ಬರ್ತೀನಿ."

ಯಾರದೋ ಚಮಚ ಕೆಳಗೆ ಬಿತ್ತು.

"ಏಜೆನ್ಸಿಯವರು ಫೋನ್ ಮಾಡ್ತಾರೆ ನಿಮಗೆ," ಎಂದ ಡಂಕನ್.

"ಇನ್ನೂ ಮಾಡಿಲ್ಲ."

"ಮಾಡ್ತಾರೆ. ಚಹಾ ಇನ್ನೊಂಚೂರು ಹಾಕ್ಲಾ?"

ನೇರವಾಗಿ ಕೇಳಬಹುದಿತ್ತು. ಆದರೆ ಡಂಕನ್ ಅವಳ ಬಟ್ಟಲಿಗೆ ಹಾಲು ಬಗ್ಗಿಸುತ್ತಿದ್ದ, ಅವಳಿಗೆ ಎಷ್ಟು ಹಿತವೋ ಅಷ್ಟೇ. ಇಂಥವನನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಹೇಗೆ? ಒಬ್ಬರಾದರೂ ಒರಟಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

"ಸಾಕು, ಥ್ಯಾಂಕ್ಸ್," ಎಂದಳು. ಮನಸ್ಸಿನಲ್ಲಿದ್ದದ್ದೂ ಅದೇ, ಬರೀ ಕೃತಜ್ಞತೆ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಬಾಗಿಲವರೆಗೆ ಬಂದ ಗ್ಲೆನಿಸ್ ಅವಳ ಕೋಟಿನ ಮೇಲಿನ ಗುಂಡಿ ಹಾಕಿದಳು.

"ಭಾನುವಾರ ಊಟಕ್ಕೆ ಬಾ."

"ನಿಂಗೇನಾದ್ರೂ ಗೊತ್ತಾ, ಗ್ಲೆನಿಸ್?"

"ಕುರಿಮಾಂಸ ಮಾಡ್ತೀನಿ ಕಣೆ. ಬರಿಗೈಲಿ ಬಾ, ಏನೂ ತರ್ಬೇಡ."

ಈ ಊರಿಗೆ ಜೂನ್ ಎಂದರೆ ಚಳಿಗಾಲ; ಹೊರಗೆ ಆಗಲೇ ಕತ್ತಲು ಇಳಿಯುತ್ತಿತ್ತು. ಊರ ಹಿಂದಿನ ಬೆಟ್ಟದ ಹಿಮದ ಮೇಲಿಂದ ಗಾಳಿ ಬೀಸುತ್ತಿತ್ತು. ಬಸ್ ನಿಲ್ದಾಣದಲ್ಲಿ ಅವಳೊಬ್ಬಳೇ. ತಿರುವಿನಲ್ಲಿ ಬಸ್ಸು ಕಂಡಿತು, ಕೈ ಚಾಚಿದಳು.

ಹತ್ತಿರ ಬಂದಾಗ ಅದರ ಹಣೆಯ ಮೇಲೆ ಹೊಳೆಯುತ್ತಿದ್ದ ಅಕ್ಷರಗಳು ಕಂಡವು: 'ಕ್ಷಮಿಸಿ, ಸೇವೆಯಲ್ಲಿಲ್ಲ.' ಒಳಗೆ ದೀಪಗಳೆಲ್ಲ ಉರಿಯುತ್ತಿದ್ದವು. ಸೀಟುಗಳೆಲ್ಲ ಖಾಲಿ. ಡ್ರೈವರ್ ಅವಳಿಗಾಗಿ ವೇಗ ತಗ್ಗಿಸಿದ. ನಿಲ್ಲಿಸಲಾರೆನೆಂಬಂತೆ ತಲೆಯಾಡಿಸಿ, ಕೈ ಎತ್ತಿ, ನಕ್ಕು, ಮುಂದೆ ಹೋದ.

"ಥ್ಯಾಂಕ್ಸ್," ಎಂದಳು ವೆರಿಟಿ, ಬಸ್ಸಿನಿಂದ ಇಳಿಯುವಾಗ ದಿನವೂ ಹೇಳುವ ಹಾಗೆ.

ಬೆಳಕು ತುಂಬಿದ ಬಸ್ಸು ಇಳಿಜಾರಿನಲ್ಲಿ ನಿಲ್ದಾಣಗಳನ್ನು ಒಂದೊಂದಾಗಿ ದಾಟುತ್ತ ಹೋಯಿತು. ಅವಳ ಕೈ ಇನ್ನೂ ರಸ್ತೆಯ ಕಡೆಗೆ ಚಾಚಿಯೇ ಇತ್ತು.